ವಾಗಿಯೆಮ್ ಅವರನ್ನು ಒಂದೇ ಬೆಳಿಗ್ಗೆ ಮೂರು ಬಾರಿ ಸಾಯಿಸಿದ ಕುರಿತು

ಖಾಲಿ ಜಾಗ ಕತ್ತರಿಸುವ ಮಾನ್ಯ ಫಂಕ್ಷನ್‌ರವರೇ,

ಯೋಗ್ಯಕರ್ತಾದ ನಮ್ಮ ಆಸ್ಪತ್ರೆಯ ಗಣಕದ ತೀರಾ ತಳದಲ್ಲಿ ಕುಳಿತು, ಹದಿನೆಂಟು ವರ್ಷಗಳಿಂದ ಒಂದು ದಿನವೂ ರಜೆ ಹಾಕದೆ, ಬರಹದ ತುದಿಗೆ ಅಂಟಿಕೊಂಡ ಖಾಲಿ ಜಾಗಗಳನ್ನು ಕತ್ತರಿಸುತ್ತಿರುವ ತಮಗೆ ದಾಖಲೆ ವಿಭಾಗದ ಪ್ರೋಗ್ರಾಮರ್ ಆದ ನನ್ನ ವಂದನೆಗಳು. ಬರೀ ಹನ್ನೊಂದು ಸಾಲು ಕೋಡಿನವರಾದ ತಮಗೆ ಜನರ ಆಯುಷ್ಯದ ಮೇಲೂ ಅಧಿಕಾರವಿದೆಯೆಂದು ಈ ಮಂಗಳವಾರದವರೆಗೆ ನಮಗೆ ತಿಳಿದಿರಲಿಲ್ಲ.

ಜಾವಾ ದ್ವೀಪದವರಾದ ನಮ್ಮಲ್ಲಿ ಅನೇಕರಿಗೆ ಇರುವುದು ಒಂದೇ ಹೆಸರು. ಈ ತಿಂಗಳು ಬಂದ ಹೊಸ ನಮೂನೆಗೆ ಎರಡು ಬೇಕು. ಯಾರನ್ನೂ ಹಿಂದಕ್ಕೆ ಕಳಿಸಲು ಮನಸ್ಸು ಬಾರದ ಕೌಂಟರಿನ ಗುನಾರ್ತೊ, ಎರಡನೆಯ ಹೆಸರಿನ ಖಾನೆಯಲ್ಲಿ ಸ್ಪೇಸ್ ಕೀಲಿ ಒತ್ತಿ ಮುಂದೆ ಸಾಗುತ್ತಾನೆ. ತಾವು ಆ ಖಾನೆಯ ಬಲತುದಿಯಿಂದ ಹಿಂದಕ್ಕೆ ನಡೆಯುತ್ತ ಅಕ್ಷರ ಹುಡುಕುತ್ತೀರಿ. ಸಿಗದಿದ್ದರೆ ನಿಂತಲ್ಲೇ 'ಮುಗಿಯಿತು' ಎಂಬ ಗುರುತು ಹಾಕುತ್ತೀರಿ. ತಾವು ನಿಂತಿರುವುದು ಗಡಿಯಿಂದ ಒಂದು ಹೆಜ್ಜೆ ಆಚೆ, ಪಕ್ಕದ ಖಾನೆಯಲ್ಲಿ, ರೋಗಿ ಬದುಕಿದ್ದಾರೆಂದು ಸೂಚಿಸುವ, ಅಳಿದರೆ ಸತ್ತರೆಂದೇ ಲೆಕ್ಕವಾಗುವ ಒಂಟಿ ಅಕ್ಷರದ ಮೇಲೆ ಎಂಬ ಕ್ಷುಲ್ಲಕ ಸಂಗತಿಗೆ ತಾವು ತಲೆ ಕೆಡಿಸಿಕೊಂಡಂತಿಲ್ಲ.

ಸೋಯಾ ಕಾಳಿನ ಟೆಂಪೆ ಕರಿದು ಮಾರುವ ಅರವತ್ತೆಂಟರ ವಾಗಿಯೆಮ್ ಮಂಗಳವಾರ ಡಯಾಲಿಸಿಸ್‌ಗೆ ಬಂದರು. ಒಂದು ಸರದಿ ತಪ್ಪಿದರೆ ಉಸಿರು ಕಟ್ಟುವ ದೇಹ ಅವರದು.

"ಬು, ಕಂಪ್ಯೂಟರ್‌ನಲ್ಲಿ ನೀವು ತೀರ್ಕೊಂಡಿದೀರಿ," ಎಂದ ಗುನಾರ್ತೊ, 'ಅಮ್ಮ' ಎನ್ನುವ ನಮ್ಮ 'ಬು' ಬಿಡದೆ, ತಲೆ ಮಾತ್ರ ಎತ್ತದೆ.

"ಯಾವಾಗ ಮಗನೇ? ನಂಗ್ಯಾರೂ ಹೇಳ್ಲೇ ಇಲ್ವಲ್ಲ! ಏಳನೇ ದಿನದ ಊಟಕ್ಕೆ ಕೋಳಿಗೆ ಹೇಳಿದೀರೋ, ಅದನ್ನೂ ನಾನೇ ನೋಡ್ಕೋಬೇಕೋ?"

ಅವನು ಗಾಬರಿಯಿಂದ ಮತ್ತೆ ನೋಂದಾಯಿಸಿದ, ಮತ್ತೆ ಸ್ಪೇಸ್ ಒತ್ತಿದ; ಅವರು ಮತ್ತೆ ತೀರಿಕೊಂಡರು. ಮೂರನೆಯ ಸಲಕ್ಕೆ ಅವರ ಯಂತ್ರ ಬೇರೆಯವರ ಪಾಲಾಗಿತ್ತು, ಬೆಂಚಿನ ಮೇಲೆ ಅವರ ಪಾದಗಳು ಊದತೊಡಗಿದ್ದವು. ಕೊನೆಗೆ ನಾನು ತಮ್ಮನ್ನು ತೆರೆದು, ಹೆಜ್ಜೆ ಇಟ್ಟ ಮೇಲೆ ಗಡಿ ನೋಡುವ ತಮ್ಮ ಅಭ್ಯಾಸವನ್ನು ಗಡಿ ನೋಡಿ ಹೆಜ್ಜೆ ಇಡುವಂತೆ ತಿದ್ದಿದೆ. ಬದಲಾದದ್ದು ಒಂದೇ ಸಾಲಿನ ಜಾಗ. ನಾಲ್ಕು ಗಂಟೆಗೆ ಅವರಿಗೆ ಕೊನೆಯ ಕುರ್ಚಿ ಸಿಕ್ಕಿತು.

ಇನ್ನು ನನ್ನ ಕೋರಿಕೆ. ತಾವು ಅಳಿಸಿದ ಇನ್ನೂರ ಹನ್ನೆರಡು ಮಂದಿಯಲ್ಲಿ ನಿಜವಾಗಿ ಹೋದವರಾರು, ತಮ್ಮಿಂದ ಹೋದವರಾರು ಎಂದು ದಾಖಲೆ ಹೇಳುವುದಿಲ್ಲ. ಮನೆಮನೆಗೆ ಫೋನ್ ಮಾಡಿಯೇ ಕೇಳಬೇಕು. ತಾವು ದಯಮಾಡಿ ಒಂದು ಗಂಟಲನ್ನು ಹೊಂದಿಸಿಕೊಂಡು ಆ ಕೆಲಸ ವಹಿಸಿಕೊಳ್ಳಬೇಕು. ಒಂಬತ್ತು ಮನೆಗಳಿಗೆ ನಾನೇ ಮಾಡಿದೆ. ಎಂಟು ಕಡೆ ರೋಗಿಗಳಿಂದಲೇ ಬೈಗುಳ ಸಿಕ್ಕಿತು, ಸಂತೋಷದಿಂದ ಕೇಳಿಸಿಕೊಂಡೆ. ಒಂಬತ್ತನೆಯ ಮನೆಯಲ್ಲಿ ಒಬ್ಬ ಹೆಂಗಸು, "ನಿಮ್ ಕಂಪ್ಯೂಟರ್ ಸರಿಯಾಗೇ ಹೇಳಿದೆ ಬು, ಭಾನುವಾರ ಹೋದ್ರು," ಎಂದರು. ನಮ್ಮಲ್ಲಿಂದ ಆ ರೋಗಿ ಚಿಕಿತ್ಸೆ ಸಿಗದೆ ಹಿಂದಿರುಗಿದ್ದು ಶುಕ್ರವಾರವೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಅದನ್ನೂ ತಾವೇ ಕೇಳಬೇಕು.

ಗಡಿಯೊಳಗೆ ನಿಂತು,
ತಮ್ಮ ವಿಶ್ವಾಸಿ,
ಪಾಲುಪಿ

ತಾ.ಕ.: ತಮ್ಮ ಮೊದಲ ಸಾಲಿನ ಮೇಲೆ, ರೂಢಿಯಂತೆ, ತಮ್ಮನ್ನು ಬರೆದವರ ಹೆಸರಿದೆ. ಅದನ್ನು ಈ ಪತ್ರದ ಸಹಿಯೊಂದಿಗೆ ಹೋಲಿಸಿ ನೋಡುವ ಶ್ರಮವನ್ನು ಯಾರೂ ತೆಗೆದುಕೊಳ್ಳಬಾರದೆಂದು ವಿನಂತಿ.