ಕೋತಿ ನಮ್ಮ ಪೈಕಿ, ಪಾಚಿ ಯಾರ ಪೈಕಿ?

ಗುಬ್ಬಿಯಲ್ಲಿರುವ ನನ್ನ ಸೋದರತ್ತೆಗೆ ಈ ಭೂಮಿಯ ಮೇಲೆ ಗೊತ್ತಿರುವುದು ಒಂದೇ ಪ್ರಶ್ನೆ: "ಯಾರ ಪೈಕಿ?" ಮದುವೆ ಮನೆಯಲ್ಲಿ ಕೇಳಿದರೆ ಸರಿ. ಇವರು ಹೊಸ ಮಿಕ್ಸಿಯನ್ನೂ ಬಿಟ್ಟವರಲ್ಲ!

ನಾನು ತುಮಕೂರಿನಲ್ಲಿ ಸಂಶೋಧನೆ ಮಾಡುತ್ತಿರುವುದು ಗೋಡೆಯ ಪಾಚಿಯ ಮೇಲೆ. ಬೇಸಿಗೆಯಲ್ಲಿ ನೀರಿಲ್ಲದೆ ಅದು ಹೇಗೆ ಬದುಕುತ್ತದೆ ಎಂದು ನೋಡಲು ಮೂರು ಗೋಡೆಗಳನ್ನು ಆರಿಸಿದ್ದೆ: ತುಮಕೂರಲ್ಲೊಂದು, ಕುಣಿಗಲ್ಲಲ್ಲೊಂದು, ಅತ್ತೆಯ ಹಿತ್ತಿಲಲ್ಲೊಂದು. ಅತ್ತೆಗೆ ಹೇಳಿದ್ದಿಷ್ಟೇ: "ಮಳೆ ಬರೋವರ್ಗೂ ಇದನ್ನ ಯಾರೂ ಕೆರೀಬಾರ್ದು."

"ಇದು ಯಾರ ಪೈಕಿ?"

"ಗಿಡಗಳ ಪೈಕಿ ಅತ್ತೆ. ಹೂವಿಲ್ಲ, ಕಾಯಿಲ್ಲ, ಸರಿಯಾದ ಬೇರೂ ಇಲ್ಲ."

"ಅಯ್ಯೋ ಪಾಪ! ಆ ಮುಂಡೇದು?" ತೆಂಗಿನ ಮರದಲ್ಲಿ ಕೋತಿಯೊಂದು ಎಳನೀರು ಕಿತ್ತೆಸೆಯುತ್ತಿತ್ತು.

"ಪ್ರಾಣಿ. ಬೆನ್ನುಮೂಳೆ ಇದೆ, ಮರಿಗೆ ಹಾಲು ಕೊಡುತ್ತೆ. ನಾವೂ ಅದೂ ಒಂದೇ ಗಣ."

"ಅದಕ್ಕೇ ಕರೀದಿದ್ರೂ ಊಟಕ್ಕೆ ಬರ್ತವೆ!"

ಈ ಕೋತಿ ಅಳಿವಿನ ಭಯವಿರುವ ಜೀವಿಗಳ ಪಟ್ಟಿಯಲ್ಲಿದೆ ಎಂದೆ.

"ಅಳೀತಿರೋದು ನನ್ನ ತೋಟ ಕಣೇ! ಅದ್ಸರಿ, ಪಾಚಿ ಯಾವ ಪಟ್ಟೀಲದೆ?"

"ಯಾವುದ್ರಲ್ಲೂ ಇಲ್ಲ. ಉಳಿದಿದ್ಯಾ, ಅಳೀತಿದ್ಯಾ ಅಂತ ಈ ಜಾತೀನ ಇನ್ನೂ ಯಾರೂ ನೋಡಿಲ್ಲ."

"ಯಾರೂ ನೋಡೇ ಇಲ್ವಾ?" ಅತ್ತೆಯ ಬಾಯಿಗೆ ತಮಾಷೆ ಸಿಗದಿದ್ದುದು ಅದೇ ಮೊದಲು.

ಯುಗಾದಿಗೆ ಸುಣ್ಣ ಬಳಿಯಬೇಡವೇ? ಮಾವ ತಂತಿ ಬ್ರಷ್ ಹಿಡಿದು ಹಿತ್ತಿಲಿಗೆ ಹೋದರೆ ಅತ್ತೆ ಗೋಡೆಗೆ ಅಡ್ಡ ನಿಂತರಂತೆ. ಮಾವನೇ ಫೋನಿನಲ್ಲಿ ದೂರು ಕೊಟ್ಟರು.

"ಹಬ್ಬಕ್ಕೆ ಬಂದೋರು ಏನಂತಾರೆ ಅಂದೆ ಕಣಮ್ಮ. ಅದಕ್ಕೆ ನಿಮ್ಮತ್ತೆ, 'ಕೋತಿಗೆ ಸರ್ಕಾರ ಐತೆ, ಇದಕ್ಕೆ ನಾನಿದೀನಿ. ಮೊದ್ಲು ಬ್ರಷ್ ಕೆಳಗಿಡಿ' ಅಂದ್ಳು!"

ಇಡದೆ ಏನು ಮಾಡುತ್ತಾರೆ? ಆ ಬೀದಿಯಲ್ಲಿ ಸುಣ್ಣವಿಲ್ಲದೆ ಹಬ್ಬ ಮಾಡಿದ್ದು ಅದೊಂದೇ ಗೋಡೆ.

ಏಪ್ರಿಲ್ ಕೊನೆಗೆ ನೋಡಲು ಹೋದೆ. ತುಮಕೂರು, ಕುಣಿಗಲ್ ಗೋಡೆಗಳ ಪಾಚಿ ಕಂದು ಬಣ್ಣಕ್ಕೆ ತಿರುಗಿ, ಮುದುರಿ, ಸತ್ತಂತೆ ನಟಿಸುತ್ತಿತ್ತು. ಅತ್ತೆಯ ಗೋಡೆ ಮಾತ್ರ ಹಸಿರೋ ಹಸಿರು!

"ಒಣಗೋಗ್ತಿತ್ತು ಕಣೇ ಮಗಾ. ನೀನು ನೋಡೋ ಮುಂಚೇನೇ ಸತ್ತೋಗ್ಬುಟ್ರೆ? ದಿನಾ ಎರಡು ಚೊಂಬು ನೀರು ಹಾಕ್ದೆ."

ಆ ಗೋಡೆಯ ಮೇಲಿನ ನನ್ನ ಒಂದು ಬೇಸಿಗೆಯ ಕೆಲಸ ಎರಡು ಚೊಂಬಿನಲ್ಲಿ ಕೊಚ್ಚಿಹೋಗಿತ್ತು! ಹೇಳಲು ಬಾಯಿ ತೆರೆದೆ. ಅತ್ತೆ ಒಂದು ಕೈಯಲ್ಲಿ ಸೊಂಟ ಒತ್ತಿಕೊಂಡು, ಇನ್ನೊಂದರಲ್ಲಿ ಪಾಚಿಯ ಮೇಲೆ ಬಿದ್ದ ತರಗೆಲೆಯನ್ನು ಮೆಲ್ಲಗೆ ತೆಗೆಯುತ್ತಿದ್ದರು.

"ಚೆನ್ನಾಗಿದೆ ಅತ್ತೆ," ಎಂದೆ.

ನನ್ನ ಸಂಶೋಧನೆಯ ಮಾರ್ಗದರ್ಶಕರು ಮೂರನೇ ಗೋಡೆಯನ್ನು ಲೆಕ್ಕದಿಂದ ಹೊಡೆದುಹಾಕಲು ಹೇಳಿದರು. ಪ್ರಬಂಧದಿಂದ ಕೈಬಿಟ್ಟೆ, ಅದು ನ್ಯಾಯ. ಆದರೆ ನನ್ನ ಟಿಪ್ಪಣಿ ಪುಸ್ತಕದಲ್ಲಿ ಹೊಡೆದುಹಾಕಿಲ್ಲ, ಹಾಕುವುದೂ ಇಲ್ಲ. ಅಲ್ಲಿ ಆ ಪಾಚಿಯ ಸ್ಥಿತಿ ಹೀಗಿದೆ: "ಸಂರಕ್ಷಿತ. ಅತ್ತೆಯಿಂದ."