ಕೆಳಗಿನ ಮನೆಗಾಗಿ ಕುಂಟಿದ್ದು

ಮೆಣಸಿನಕಾಯಿ ಮರೆತದ್ದೇ ಎಲ್ಲಕ್ಕೂ ಮೂಲ. ಸುರಬಾಯ ನಗರದ ಆ ಬಾಡಿಗೆ ವಸತಿಯ ಐದನೇ ಮಹಡಿಗೆ ಏದುಸಿರು ಬಿಡುತ್ತ ಹತ್ತಿದ ಕರ್ಸೋನೊ, ಚೀಲ ತಡಕಿ, ಮತ್ತೆ ಇಳಿದು ಮೆಣಸಿನಕಾಯಿ ತಂದ. ಆಮೇಲೆ ನೋಡಿದರೆ ಉಪ್ಪೂ ಇರಲಿಲ್ಲ. ಮೆಟ್ಟಿಲ ಮೇಲೇ ಕುಸಿದು ಕೂತ.

"ಎಪ್ಪತ್ತಾಯ್ತು ಬು ತುಮಿನಾ. ಮಂಡಿ ಹಳೇ ಬಾಗಿಲ ಥರ ಕಿರ್ರ್ ಅನ್ನುತ್ತೆ," ಎಂದ, ಪಕ್ಕದ ಮನೆಯಾಕೆಗೆ. ಅಲ್ಲಿ ಹೆಂಗಸರಿಗೆ 'ಬು', ಗಂಡಸರಿಗೆ 'ಚಾಕ್' ಎಂದೇ ಗೌರವದ ಕರೆ.

ಅಲ್ಲಿ ಲಿಫ್ಟ್ ಇಲ್ಲ. ಮಹಡಿ ಏರಿದಷ್ಟೂ ಬಾಡಿಗೆ ಇಳಿಯುತ್ತದೆ. ಮಾರುಕಟ್ಟೆಯಲ್ಲಿ ಮೂಟೆ ಹೊತ್ತು ಬದುಕಿದವನಿಗೆ ದಕ್ಕಿದ್ದು ಮೋಡದ ಪಕ್ಕದ ಮನೆ.

"ಅಯ್ಯೋ ಚಾಕ್, ಗೊತ್ತಿಲ್ವಾ? ಕೆಳಗಡೆ ಒಂದು ಮನೆ ಖಾಲಿ ಆಗಿದೆ. ಮೆಟ್ಟಿಲು ಹತ್ತೋಕಾಗದ ಮುದುಕರಿಗೆ ಇಲ್ಲಿನ ಬಾಡಿಗೆಗೇ ಕೊಡ್ತಾರಂತೆ. ಇವತ್ತೇ ಆಫೀಸರು ಬರ್ತಾರೆ. ನೀವು ಸ್ವಲ್ಪ ಕುಂಟಿದ್ರೆ ಸಾಕು."

"ಯಾವ ಕಾಲು?"

"ಯಾವ್ದಾದ್ರೂ ಒಂದು! ಮಧ್ಯದಲ್ಲಿ ಬದಲಾಯಿಸ್ಬೇಡಿ."

ಮಹಡಿಗೆ ಮಹಡಿಯೇ ಸೀನುವಷ್ಟು ನೋವಿನೆಣ್ಣೆ ಬಳಿದು, ಪೊರಕೆಯ ಹಿಡಿ ಕೈಗೆ ಕೊಟ್ಟು, ತುಮಿನಾ ಅವನನ್ನು ಕೆಳಗೆ ಅಟ್ಟಿದಳು. ಅಂಗಳದಲ್ಲಿ ಅಭ್ಯಾಸ ಶುರುವಾಯಿತು. ಕಾಫಿ ಅಂಗಡಿಯವರು ಕೂಗಿದರು: "ಚಾಕ್, ಅದು ಕುಂಟೋದಲ್ಲ, ಕುಣಿಯೋದು!" ಹೋಗಿ ಬರುವವರೆಲ್ಲ ನಿಂತು ನೋಡಿ ನಕ್ಕರು.

ಅಷ್ಟರಲ್ಲಿ ಇಸ್ತ್ರಿ ಮಾಡಿದ ಬಾಟಿಕ್ ಅಂಗಿಯ ದಪ್ಪನೆಯ ಮುದುಕನೊಬ್ಬ ಬಂದ. ಕಂಕುಳಲ್ಲಿ ಫೈಲು. ಹತ್ತು ಮೆಟ್ಟಿಲು ಹತ್ತುವಷ್ಟರಲ್ಲಿ ಹಣ್ಣು ಪಪ್ಪಾಯಿಯಂತೆ ಕೆಂಪಾಗಿ ಕೂತುಬಿಟ್ಟ.

"ಮನೆ ವಿಷಯಕ್ಕೆ ಬಂದೆ... ಐದನೇ ಮಹಡಿಗೆ... ಹೋಗ್ಬೇಕಿತ್ತು..."

ಇವರೇ ಆಫೀಸರು ಎಂದುಕೊಂಡ ಕರ್ಸೋನೊ. ಆಫೀಸರು ಇಲ್ಲೇ ಮಲಗಿಬಿಟ್ಟರೆ ಮನೆಯ ಗತಿ? ಪೊರಕೆಯ ಹಿಡಿ ಬಿಸಾಡಿದ. ಮೂಟೆ ಕಂಡ ಹಮಾಲನ ಬೆನ್ನು ತಾನಾಗಿ ಬಾಗಿತು.

"ಹತ್ತಿ ಸಾರ್, ಕೂಸುಮರಿ!"

"ಬೇಡ, ಬೇಡ," ಎನ್ನುತ್ತಲೇ ಮುದುಕ ಕೊರಳು ತಬ್ಬಿದ.

ಮೇಲೆ, ಬ್ಯಾಗು ಹಿಡಿದ ತರುಣಿಯೊಬ್ಬಳಿಗೆ ತುಮಿನಾ ಕಣ್ಣೊರೆಸಿಕೊಳ್ಳುತ್ತ ಹೇಳುತ್ತಿದ್ದಳು: "ಪಾಪ, ನೀರಿನ ಲೋಟ ಎತ್ತೋಕೂ ಕೈಲಾಗಲ್ಲಮ್ಮ..."

"ದಾರಿ, ದಾರಿ!" ಎಂದು ಮಾರುಕಟ್ಟೆಯ ಗಂಟಲಲ್ಲಿ ಕೂಗುತ್ತ ಕರ್ಸೋನೊ ಬಂದು ಹೊರೆ ಇಳಿಸಿದ. "ನೋಡಿ ಬು ತುಮಿನಾ, ಆಫೀಸರನ್ನೇ ಹೊತ್ತು ತಂದೆ!"

"ನಾನ್ಯಾವ ಆಫೀಸರಪ್ಪ?" ಎಂದ ಮುದುಕ. "ಆ ಮನೆಗೆ ನಾನೂ ಅರ್ಜಿ ಹಾಕಿದೀನಿ. ಮೇಡಂ ಮೇಲಿದ್ದಾರೆ ಅಂದ್ರು, ಅದಕ್ಕೇ ಬಂದೆ."

ಮೇಡಂ, ಅಂದರೆ ಆ ತರುಣಿ, ಗೋಡೆ ಹಿಡಿದು ನಗುತ್ತಿದ್ದಳು. "ಮನೆ ಇವರಿಗೇ ಅಜ್ಜ," ಎಂದಳು ಕರ್ಸೋನೊನಿಗೆ. "ಇವರಿಗೆ ಹತ್ತೋಕಾಗಲ್ಲ ಅನ್ನೋದಕ್ಕೆ ನಿಮಗಿಂತ ಬೇರೆ ಸಾಕ್ಷಿ ಬೇಕಾ?"

ಮನೆ ಗಿಟ್ಟಿದ ಮುದುಕ ಕರ್ಸೋನೊನನ್ನು ಬಾಚಿ ತಬ್ಬಿಕೊಂಡ. "ದಿನಾ ಇಳಿದು ಬರ್ಬೇಕು, ಕಾಫಿ ನಂದು!" ಸಿಟ್ಟು ಮಾಡಲು ಹೊರಟ ಕರ್ಸೋನೊನಿಗೂ ನಗು ಬಂದುಬಿಟ್ಟಿತು. ನಗುತ್ತಲೇ, ನೆಲಕ್ಕೆ ಬಿದ್ದ ಫೈಲು ಎತ್ತಿಕೊಡಲು ಬಗ್ಗಿದ.

ಕಟಕ್!

ಬಗ್ಗಿದವನು ಬಗ್ಗಿಯೇ ಉಳಿದ. "ಮೇಡಂ! ಸೊಂಟ ಹಿಡ್ಕೊಂಡ್ತು! ಅಲ್ಲಾನಾಣೆ, ಇದು ನಿಜ!"

ಆಕೆ ಕೆಳಗೆ ಇಳಿಯುತ್ತ ಬೆನ್ನು ತಟ್ಟಿದಳು. "ಬರುವಾಗ ಅಂಗಳದಲ್ಲಿ ನೋಡಿದ್ದಕ್ಕಿಂತ ಇದು ಎಷ್ಟೋ ಚೆನ್ನಾಗಿದೆ, ಅಜ್ಜ!"