ಗಂಗವ್ವನಿಗೆ ನಾನು ಕೊಟ್ಟ ಕಣ್ಣು

ಫೋಟೋ ತೆಗೆಯುವುದೇನು ದೊಡ್ಡ ವಿದ್ಯೆಯಲ್ಲ ಎಂದು ನಾನು ತೀರ್ಮಾನಿಸಿದ್ದು ರೊಟ್ಟಿ ಬಡಿಯುತ್ತ. ಬೆಳಗಾವಿಯ ಶಿವಬಸವ ನಗರದ ನಮ್ಮ ಮನೆಯಲ್ಲಿ, ಉಪ್ಪಿನ ಡಬ್ಬಿಗೆ ಮೊಬೈಲ್ ಆನಿಸಿಟ್ಟು, ಯಾರೋ ಪುಣ್ಯಾತ್ಮ ಹಿಂದಿಯಲ್ಲಿ ಕಲಿಸುತ್ತಿದ್ದ ಪಾಠಗಳನ್ನು ಒಂದು ವರ್ಷ ಕೇಳಿದೆ. ಬೆಳಕಿನ ಪಾಠ ಮುಗಿಯುವಷ್ಟರಲ್ಲಿ ಹತ್ತು ರೊಟ್ಟಿ, ಲೆನ್ಸಿನ ಪಾಠಕ್ಕೆ ಹದಿನಾಲ್ಕು. ಹಳೆಯದೊಂದು ಕ್ಯಾಮೆರಾ ಕೈಗೆ ಬಂದ ಮೇಲೆ ಮನೆಯವರ ಮೇಲೇ ಪ್ರಯೋಗ ಶುರುವಾಯಿತು. ಒಂಬತ್ತು ವರ್ಷದ ದೊಡ್ಡ ಮಗಳು ಅನ್ವಿತಾ ಕ್ಯಾಮೆರಾ ಕಂಡರೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಳ್ಳುತ್ತಿದ್ದಳು. ನಾಲ್ಕು ವರ್ಷದ ಚಿಂಟಿಗೆ ಚಿಲಕ ಎಟುಕುತ್ತಿರಲಿಲ್ಲ, ಓಡಲು ಬರುತ್ತಿತ್ತು. ಹೀಗಾಗಿ ನಾನು ತೆಗೆದ ಅವಳ ಫೋಟೋಗಳೆಲ್ಲ ಬೆನ್ನಿನವು.

ಆದರೂ ನಾನು ಹೆಸರಿನ ಕೆಳಗೆ 'ವೃತ್ತಿಪರ ಛಾಯಾಗ್ರಾಹಕಿ' ಎಂದು ಕಾರ್ಡು ಅಚ್ಚು ಹಾಕಿಸಿದೆ.

ನನ್ನ ಗಂಡ ಮಹಾಂತೇಶ ಖಾನಾಪುರದ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಕಾರ್ಡನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಸುಮಾ, ವೃತ್ತಿಪರ ಅಂದ್ರ ಯಾರರ ಕೆಲಸಕ್ಕ ಕರ್ದಿರಬೇಕಲ್ಲ?" ಎಂದರು.

"ಮದ್ಲ ಕಾರ್ಡ, ಆಮ್ಯಾಲ ಕೆಲಸ," ಎಂದೆ.

ಕರೆದವರು ಅವರದೇ ಶಾಲೆಯ ಬಸವರಾಜ ಸರ್. ಊರು ಪಾರಿಶ್ವಾಡ. ಒಟ್ಟು ಕುಟುಂಬ, ಇಪ್ಪತ್ತಾರು ಜನ. ಎಲ್ಲರನ್ನೂ ಸೇರಿಸಿ ಒಂದು ದೊಡ್ಡ ಫೋಟೋ ತೆಗೆದು, ಕಟ್ಟು ಹಾಕಿಸಿ, ಅವರ ಪಡಸಾಲೆಗೆ ಕೊಡಬೇಕು. ಅದು ಚೆನ್ನಾಗಿ ಬಂದರೆ ಮಗಳ ಮದುವೆಯ ಕೆಲಸವೂ ನನಗೇ. ನನಗೆ ಆಗಲೇ ಮದುವೆಮನೆಯ ಊಟದ ವಾಸನೆ ಬಂತು.

ಒಂದು ಭಾನುವಾರ ಮಕ್ಕಳನ್ನು ಗಂಡನಿಗೆ ಒಪ್ಪಿಸಿ, ಖಾನಾಪುರದಲ್ಲಿ ಬಸ್ಸು ಬದಲಿಸಿ ಪಾರಿಶ್ವಾಡ ತಲುಪಿದೆ. ಅಂಗಳದಲ್ಲಿ ಎಲ್ಲರೂ ಇಸ್ತ್ರಿ ಮಾಡಿದ ಬಟ್ಟೆಯಲ್ಲಿ ಸಾಲಾಗಿ ನಿಂತಿದ್ದರು. ನಡುವೆ ಎರಡು ಕುರ್ಚಿ. ಒಂದರಲ್ಲಿ ಬಸವರಾಜ ಸರ್ ಅವರ ತಾಯಿ ಗಂಗವ್ವ, ಇನ್ನೊಂದರಲ್ಲಿ ಚಿಕ್ಕಮ್ಮ ಶಾಂತವ್ವ. ಇಬ್ಬರಿಗೂ ಎಪ್ಪತ್ತು ದಾಟಿದೆ, ಒಂದೇ ಮನೆಗೆ ಬಂದ ಸೊಸೆಯರು. ಬಹಳ ವರ್ಷಗಳಿಂದ ಅವರು ಒಬ್ಬರಿಗೊಬ್ಬರು ನೇರವಾಗಿ ಮಾತಾಡುವುದಿಲ್ಲವಂತೆ. ಉಪ್ಪು ಬೇಕಾದರೂ ಯಾರಾದರೂ ನಡುವೆ ನಿಂತು ದಾಟಿಸಬೇಕು. ಇದನ್ನು ಮನೆಯ ಸೊಸೆ ನನಗೆ ಪಿಸುಮಾತಿನಲ್ಲಿ ಹೇಳಿದಳು. ನಾನು ಬೆಳಕು ನೋಡುತ್ತಿದ್ದೆ, ಅಷ್ಟಾಗಿ ಲಕ್ಷ್ಯ ಕೊಡಲಿಲ್ಲ.

"ಒಂದು, ಎರಡು," ಎಂದು ಎಣಿಸುತ್ತಿದ್ದಂತೆ ಫೋನ್ ಬಂತು. ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಸಿಕೊಂಡೆ.

"ಮಮ್ಮೀ, ನನ್ನ ಕಂಪಾಸ್ ಬಾಕ್ಸ್ ಎಲ್ಲೈತಿ?"

"ಟಿವಿ ಕೆಳಗಿನ ಖಾನೆದಾಗ. ಮೂರು!"

ಇಪ್ಪತ್ತಾರು ಜನ ಟಿವಿ ಎಲ್ಲಿದೆ ಎಂದು ಹಿಂದೆ ತಿರುಗಿದರು. ಆಮೇಲೆ ಹದಿನಾಲ್ಕು ಬಾರಿ ತೆಗೆದೆ. ಎಲ್ಲರೂ ಸುಸ್ತಾದರು, ನಾನು ಮಾತ್ರ ವಿಜಯಿಯಂತೆ ಅವಲಕ್ಕಿ ತಿಂದು ಬಸ್ಸು ಹತ್ತಿದೆ.

ಮರುದಿನ ಮಧ್ಯಾಹ್ನ ಕಂಪ್ಯೂಟರಿನಲ್ಲಿ ನೋಡಿದರೆ, ಹದಿನಾಲ್ಕರಲ್ಲಿಯೂ ಗಂಗವ್ವನ ಕಣ್ಣು ಮುಚ್ಚಿತ್ತು. ನಾನು 'ಮೂರು' ಎಂದಾಗಲೆಲ್ಲ ಆಕೆ ತಪ್ಪದೆ ಕಣ್ಣು ಮುಚ್ಚಿದ್ದಳು.

ಹೆದರಲಿಲ್ಲ. ಉಪ್ಪಿನ ಡಬ್ಬಿಯ ಗುರುಗಳು ಇದಕ್ಕೂ ಉಪಾಯ ಹೇಳಿದ್ದರು: ಒಂದು ಫೋಟೋದ ಕಣ್ಣನ್ನು ಇನ್ನೊಂದು ಮುಖಕ್ಕೆ ಕೂಡಿಸಬಹುದು. ಆದರೆ ಗಂಗವ್ವನ ತೆರೆದ ಕಣ್ಣು ನನ್ನ ಬಳಿ ಒಂದೂ ಇರಲಿಲ್ಲ. ಅದೇ ವಯಸ್ಸು, ಅದೇ ಬೆಳಕು, ಬಾಜೂ ಕುರ್ಚಿ. ಶಾಂತವ್ವನ ಕಣ್ಣು ತೆಗೆದು ಗಂಗವ್ವನಿಗೆ ಕೂಡಿಸಿದೆ. ಚಿಂಟಿಗೆ ಊಟ ಮಾಡಿಸುತ್ತ, ಒಂದೇ ಕೈಯಲ್ಲಿ. ಅಂಚು ಎಲ್ಲಿಯೂ ಗೊತ್ತಾಗದಷ್ಟು ಚಂದ ಕೂತಿತು.

ಶಾಲೆಯಿಂದ ಬಂದ ಅನ್ವಿತಾ ಹಿಂದೆ ನಿಂತು ನೋಡಿದಳು. "ಮಮ್ಮೀ, ಈ ಇಬ್ರೂ ಅಜ್ಜಿಗೋಳ ಕಣ್ಣು ಸೇಮ್ ಅದಾವಲ್ಲ."

"ನೀ ಹೋಗಿ ಲೆಕ್ಕಾ ಮಾಡು," ಎಂದೆ.

ಖಾನಾಪುರದಲ್ಲಿ ಕಟ್ಟು ಹಾಕಿದವನು ಗಾಜು ಒರೆಸುತ್ತ, "ಇವರಿಬ್ರೂ ಅವಳಿ ಜವಳಿ ಏನ್ರಿ?" ಎಂದು ಕೇಳಿದ. ಮನೆತನದ ಚಹರೆ ಅಷ್ಟು ಸ್ಪಷ್ಟವಾಗಿ ಬಂದಿದೆ ಎಂದು ಹಿಗ್ಗಿದೆ. ಇಬ್ಬರೂ ಬೇರೆ ಬೇರೆ ಊರಿನಿಂದ ಬಂದ ಸೊಸೆಯರು ಎಂಬುದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಮುಂದಿನ ಭಾನುವಾರ ಪಾರಿಶ್ವಾಡದ ಪಡಸಾಲೆಯಲ್ಲಿ, ಅಷ್ಟೂ ಜನರ ಎದುರು, ಫೋಟೋದ ಮೇಲಿನ ಕಾಗದ ತೆಗೆದೆ. ಎಲ್ಲರೂ ತಮ್ಮ ತಮ್ಮ ಮುಖ ಹುಡುಕಿಕೊಂಡು ಸಂತೋಷಪಟ್ಟರು. ಗಂಗವ್ವ ಕನ್ನಡಕ ತರಿಸಿ, ಹತ್ತಿರ ಬಂದು, ಬಹಳ ಹೊತ್ತು ನೋಡಿದಳು.

"ಇವು ನನ್ನ ಕಣ್ಣಲ್ಲ," ಎಂದಳು.



"ಬೆಳಕಿಗೆ ಹಂಗ ಕಾಣತಾವ ಆಯೀ," ಎಂದೆ.

"ಬೆಳಕಲ್ಲ, ಏನಲ್ಲ. ಇವು ಶಾಂತಾನ ಕಣ್ಣು. ಐವತ್ತು ವರ್ಷ ಇವು ನನ್ನ ದುರುಗುಟ್ಟಿ ನೋಡ್ಯಾವ. ನನಗ ಗುರ್ತ ಸಿಗೂದಿಲ್ಲೇನು?"

ಶಾಂತವ್ವ ಎದ್ದು ಬಂದಳು. ಆಕೆಗೆ ಕನ್ನಡಕವೇ ಬೇಕಾಗಲಿಲ್ಲ. "ಖರೇನ, ಇವು ನನ್ನವು. ನನ್ನ ಕೇಳ್ದಽ ಅಕಿಗೆ ಹೆಂಗ ಕೊಟ್ಟಿ?" ಎಂದು ನನ್ನನ್ನೇ ಕೇಳಿದಳು.

ಮೊದಲು ಒಂದು ಮಗು ನಕ್ಕಿತು, ಆಮೇಲೆ ಇಡೀ ಮನೆ. ನನಗೆ ನೆಲ ಬಾಯಿ ಬಿಟ್ಟರೆ ಸಾಕಾಗಿತ್ತು. ಮಾಡಿದ್ದನ್ನೆಲ್ಲ ಒಪ್ಪಿಕೊಂಡೆ.

ಬಸವರಾಜ ಸರ್ ಮಾತ್ರ ನಗಲಿಲ್ಲ. ಸಭ್ಯಸ್ಥರು, ಮೆತ್ತಗೆ ಹೇಳಿದರು: "ಇರ್ಲಿ ಬಿಡ್ರಿ ಅಕ್ಕಾರ. ಮದುವಿಗೆ ನಾವು ಬೆಳಗಾವಿಯವ್ರನ್ನ ಕರಸ್ತೀವಿ."

"ನಾನೂ ಬೆಳಗಾವಿಯಾಕಿನ ರೀ."

"ಅಲ್ಲ, ಕಲ್ತವ್ರನ್ನ ಅಂದೆ. ನೀವು ಎಲ್ಲಿ ಕಲ್ತೀರಿ, ಏನರ ಸರ್ಟಿಫಿಕೇಟ್ ಐತೇನು?"

ಅಲ್ಲಿಯವರೆಗೆ ಬಗ್ಗಿದ್ದ ನನ್ನ ತಲೆ ಅದೇನೋ ನೆಟ್ಟಗಾಯಿತು. ಒಂದು ವರ್ಷದ ರೊಟ್ಟಿಯ ಹಿಟ್ಟೆಲ್ಲ ಒಮ್ಮೆಲೇ ಮೈಗೆ ಹತ್ತಿದಂತೆ.

"ಸರ್, ಇಷ್ಟು ವರ್ಷ ನಿಮ್ಮ ಅವ್ವಾರು ಮಾಡಿದ ರೊಟ್ಟಿ ತಿಂದೀರಿ. ಅವರಿಗೆ ಯಾರು ಸರ್ಟಿಫಿಕೇಟ್ ಕೊಟ್ಟಿದ್ರು? ಕಣ್ಣಿಂದು ನನ್ನ ತಪ್ಪು, ಒಪ್ಕೊಂಡೇನಿ. ಇನ್ನೊಮ್ಮೆ ತಗೀದಽ ನಾ ಇಲ್ಲಿಂದ ಏಳೂದಿಲ್ಲ."

ಹೇಳಿದ ಮೇಲೆ ಏಳುವಂತಿರಲಿಲ್ಲ. ಕ್ಯಾಮೆರಾ ಚೀಲ ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತೆ. ಮಾನ ಹೋಗಿತ್ತು, ಬಸ್ಸಿಗೂ ಇನ್ನೂ ಸಮಯವಿತ್ತು.

ಗಂಗವ್ವ ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. "ತಗೀಲಿ ಬಿಡೋ ಬಸು. ಬಾಯಿ ಜೋರ್ ಐತಿ, ಕೈನೂ ಜೋರ್ ಆಗ್ತೈತಿ."

ಮತ್ತೆ ಅಂಗಳ, ಮತ್ತೆ ಎರಡು ಕುರ್ಚಿ. ಈ ಸಲ ನಾನು ಎಣಿಸಲೇ ಇಲ್ಲ. ಏನೋ ಸರಿಪಡಿಸುವವಳಂತೆ ಕ್ಯಾಮೆರಾ ಹಿಡಿದು, ಗಂಗವ್ವನನ್ನೇ ನೋಡುತ್ತ ಕಾದೆ. ಶಾಂತವ್ವ ಕುರ್ಚಿ ಸರಿಸಿಕೊಂಡಳು. ಗಂಗವ್ವ ಗಕ್ಕನೆ ಆಕೆಯ ಕಡೆ ತಿರುಗಿ, "ನನ್ನ ಸೆರಗ ಬಿಡ, ಕುರ್ಚಿ ಕೆಳಗ ಸಿಕ್ಕೈತಿ," ಎಂದಳು.

ನಡುವೆ ಯಾರೂ ಇರಲಿಲ್ಲ. ನೇರ ಮಾತು.

"ಎತ್ತಿ ಕುಂದರಾಕ ಬರೂದಿಲ್ಲೇನು?" ಎಂದಳು ಶಾಂತವ್ವ. ಅದೂ ನೇರ.

ನಾನು ಒತ್ತಿದೆ. ಗಂಗವ್ವನ ಎರಡೂ ಕಣ್ಣು ಹೊಳೆಯುತ್ತಿದ್ದವು, ಪೂರ್ತಿ ತೆರೆದಿದ್ದವು, ಸ್ವಂತದವು. ಕೇಳಿಸಿಕೊಂಡ ಸೊಸೆಯರ ಬಾಯಿಯೂ ತೆರೆದಿತ್ತು. ಉಳಿದವರಲ್ಲಿ ಒಬ್ಬ ಕಿವಿಯಲ್ಲಿ ಬೆರಳಿಟ್ಟಿದ್ದ, ಇಬ್ಬರು ಮೊಬೈಲ್ ನೋಡುತ್ತಿದ್ದರು. ಬಸವರಾಜ ಸರ್ ಆಕಳಿಸುತ್ತಿದ್ದರು.

ಆಮೇಲೆ ಎಲ್ಲರೂ ನೆಟ್ಟಗೆ ನಿಂತಿದ್ದನ್ನೂ ತೆಗೆದೆ. ಅದರಲ್ಲಿ ಗಂಗವ್ವ ಮತ್ತೆ ಕಣ್ಣು ಮುಚ್ಚಿದ್ದಳು. ಎರಡನ್ನೂ ತೋರಿಸಿದಾಗ ಆಕೆ ಮೊದಲನೆಯದಕ್ಕೇ ಬೆರಳಿಟ್ಟಳು. ಮಗನ ಆಕಳಿಕೆಯ ಬಗ್ಗೆ ಮಗನೇ ತಕರಾರು ಎತ್ತಿದಾಗ, "ಹುಟ್ಟಿದಾಗಿಂದ ನೋಡೇನಿ, ನೀ ಹಂಗಽ ಅದೀ," ಎಂದು ಮಾತು ಮುಗಿಸಿದಳು. ಅದೇ ಫೋಟೋ ಈಗ ಅವರ ಪಡಸಾಲೆಯಲ್ಲಿದೆ.

ಮದುವೆಯ ಕೆಲಸ ನನಗೆ ಸಿಗಲಿಲ್ಲ. ಡ್ರೋನ್ ಇದ್ದವನೊಬ್ಬನಿಗೆ ಹೋಯಿತು. "ಬ್ಯಾಸರಾತೇನು?" ಎಂದು ಗಂಡ ಕೇಳಿದರು. ಆಯಿತು ಎಂದೆ. ಕಾರ್ಡು ಇನ್ನೂ ಇನ್ನೂರು ಅಚ್ಚು ಹಾಕಿಸಿದ್ದೇನೆ ಎಂದೂ ಹೇಳಿದೆ.

ಹೋದ ವಾರ ಒಂದು ಫೋನ್ ಬಂತು. ಖಾನಾಪುರ ಕಡೆಯ ಹಳ್ಳಿಯವರು, ಬಹಳ ಮರ್ಯಾದೆಯಿಂದ ಮಾತಾಡಿದರು. "ಪಾರಿಶ್ವಾಡದ ಅಜ್ಜಿಗೆ ಕಣ್ಣ ಕೂಡಿಸಿದ ಬೆಳಗಾವಿ ಅಕ್ಕಾರು ನೀವಽ ಏನ್ರಿ?"

ಕೀರ್ತಿ ಎಷ್ಟು ದೂರ ಹೋಗಿದೆ ಎಂದು ಎದೆ ಉಬ್ಬಿತು. "ಹೌದ್ರಿ, ನಾನಽ," ಎಂದೆ.

"ನಮ್ಮ ಮಾವನವ್ರಿಗೆ ಎರಡೂ ಕಣ್ಣಿಗೆ ಪೊರಿ ಬಂದೈತ್ರಿ. ಯಾವಾಗ ಕರ್ಕೊಂಡ ಬರೂಣು?"

ನೆಹರು ನಗರದ ದೊಡ್ಡ ಆಸ್ಪತ್ರೆಗೆ ಹೋಗುವ ದಾರಿಯನ್ನು ಬಸ್ ಸ್ಟ್ಯಾಂಡಿನಿಂದ ಹಿಡಿದು ಬಿಡಿಸಿ ಹೇಳಿದೆ. ಆಮೇಲೆ, ಬಂದ ಅವಕಾಶ ಬಿಡಬಾರದೆಂದು, "ಆಪರೇಷನ್ ಆದಮ್ಯಾಲ ಮಾವನವ್ರದೊಂದು ಚಲೋ ಫೋಟೋ ತಗಸ್ತೀರೇನ್ರಿ?" ಎಂದು ಕೇಳಿದೆ.



"ಇವರು ಡಾಕ್ಟರ್ ಅಲ್ಲಂತ, ಫೋಟೋದಾಕಿ ಅಂತ," ಎಂದು ಆ ಕಡೆಯವರು ಯಾರಿಗೋ ಹೇಳಿದ್ದು ಕೇಳಿಸಿತು. ಫೋನ್ ಕಟ್ ಆಯಿತು.